ಮೀಸುವವಳ ಮೊಮ್ಮಗಳು

ಸ್ಪಾ ಥೆರಪಿಸ್ಟ್ ಕೆಲಸದ ಇಂಟರ್‌ವ್ಯೂನಲ್ಲಿ ಮಾತು ಕಮ್ಮಿ. ಊರು ಯಾವುದು, ಎಲ್ಲಿ ಕಲಿತಿದ್ದು, ಯಾವ ಯಾವ ಟ್ರೀಟ್‌ಮೆಂಟ್ ಬರುತ್ತದೆ ಎಂದು ಐದು ನಿಮಿಷ ಕೇಳುತ್ತಾರೆ. ಆಮೇಲೆ ಕೇಳಿದವರೇ ಎದ್ದು ಒಳಕೋಣೆಗೆ ಹೋಗಿ, ಟೇಬಲ್ ಮೇಲೆ ಬೋರಲು ಮಲಗಿ, ಟವೆಲ್ ಹೊದ್ದುಕೊಂಡು ‘ಶುರು ಮಾಡಿ’ ಎನ್ನುತ್ತಾರೆ. ಟ್ರೇಡ್ ಟೆಸ್ಟ್ ಎಂದು ಇದರ ಹೆಸರು. ಸರ್ಟಿಫಿಕೇಟಿನಲ್ಲಿ ಬರೆದದ್ದು ಸುಳ್ಳೋ ನಿಜವೋ ಮೊದಲ ಎರಡು ನಿಮಿಷದಲ್ಲೇ ಹೊರಬೀಳುತ್ತದೆ. ಕೈ ತಣ್ಣಗಿದ್ದರೆ ಗೊತ್ತಾಗುತ್ತದೆ, ಹೆದರಿದ್ದರೆ ಗೊತ್ತಾಗುತ್ತದೆ, ತೋಳಿನ ಬಲದಿಂದ ಒತ್ತುತ್ತಿದ್ದೀರೋ ಮೈಭಾರ ವಾಲಿಸಿ ಒತ್ತುತ್ತಿದ್ದೀರೋ ಅದೂ ಗೊತ್ತಾಗುತ್ತದೆ.

ಮಾಲ್ಡೀವ್ಸಿನ ಒಂದು ರೆಸಾರ್ಟಿಗೆ ನನ್ನ ಟ್ರೇಡ್ ಟೆಸ್ಟ್ ನಡೆದದ್ದು ಬೆಂಗಳೂರಿನ ಹೋಟೆಲೊಂದರಲ್ಲಿ, 2016ರಲ್ಲಿ. ಪರೀಕ್ಷೆ ಮಾಡಲು ಬಂದವರು ಬಾಲಿಯ ಟ್ರೈನರ್, ಐವತ್ತರ ಆಸುಪಾಸಿನ ಹೆಂಗಸು. ಬೆನ್ನು, ಭುಜ ಮುಗಿಸಿ ಕಾಲಿಗೆ ಬಂದಾಗ ಅವರು ತಲೆ ಎತ್ತಿ, ‘ಕಾಲಿಗೆ ಬಂದ ಮೇಲೆ ನಿನ್ನ ಕೈ ಬದಲಾಯಿತಲ್ಲ, ಇದು ಯಾವ ಸ್ಕೂಲಿನದು?’ ಎಂದು ಕೇಳಿದರು. ನಾನು ಮೀನಖಂಡವನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುವುತ್ತಾ ಹಿಮ್ಮಡಿಗೆ ಇಳಿಸುತ್ತಿದ್ದೆ. ಅದು ಯಾವ ಸ್ಕೂಲಿನದೂ ಆಗಿರಲಿಲ್ಲ. ನಮ್ಮಜ್ಜಿಯದು.

ಅಜ್ಜಿ ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಬಾಣಂತಿ, ಮಗು ಮೀಸುತ್ತಿದ್ದವಳು. ಹೆರಿಗೆ ಮಾಡಿಸುತ್ತಿರಲಿಲ್ಲ, ಅದಕ್ಕೆ ಬೇರೆಯವರಿದ್ದರು. ಹೆರಿಗೆಯಾದ ಮೇಲೆ ಇವಳಿಗೆ ಕರೆ ಬರುತ್ತಿತ್ತು. ಬೆಳಗಾಗುವುದರೊಳಗೆ ಹೋಗಿ ಹಂಡೆಗೆ ಉರಿ ಹಾಕಿ, ಎಣ್ಣೆ ಬೆಚ್ಚಗೆ ಮಾಡಿ, ಬಾಣಂತಿಗೆ ಸೊಂಟದಿಂದ ಶುರು ಮಾಡಿ ಮೈಯೆಲ್ಲ ತಿಕ್ಕಿ, ಸುಡುಸುಡು ನೀರು ಹೊಯ್ದು, ಹಳೇ ಸೀರೆಯಲ್ಲಿ ಹೊಟ್ಟೆ ಬಿಗಿದು ಕಟ್ಟಿ, ಕಂಬಳಿ ಹೊದಿಸಿ ಬೆವರಲು ಬಿಡುತ್ತಿದ್ದಳು. ಆಮೇಲೆ ಮಗುವಿನ ಸರದಿ. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಮೊಣಕಾಲಿನ ಕೆಳಗೆ ಮಗುವನ್ನು ಉದ್ದಕ್ಕೆ ಮಲಗಿಸಿಕೊಳ್ಳುತ್ತಿದ್ದಳು. ನೆತ್ತಿಗೆ ಎಣ್ಣೆ ತಟ್ಟಿ, ಎದೆಯ ಮೇಲೆ ಎರಡೂ ಕೈ ಕತ್ತರಿ ಹಾಕಿಸಿ ಬಿಡಿಸಿ, ಎಡಗೈಗೆ ಬಲಗಾಲು, ಬಲಗೈಗೆ ಎಡಗಾಲು ಮುಟ್ಟಿಸಿ, ಮಗುಚಿ ಹಾಕಿ ಬೆನ್ನು ನೀವುತ್ತಿದ್ದಳು. ಶಾಲೆಗೆ ರಜೆ ಇದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಚೆಂಬಿನಲ್ಲಿ ನೀರು ಎತ್ತಿ ಕೊಡುವುದು ನನ್ನ ಕೆಲಸ. ಅಜ್ಜಿ ತಾನು ಮಾಡುತ್ತಿದ್ದದ್ದನ್ನು ಯಾವತ್ತೂ ವಿವರಿಸಿ ಹೇಳಲಿಲ್ಲ. ಒಮ್ಮೊಮ್ಮೆ ನನ್ನ ಕೈ ಹಿಡಿದು ಬಾಣಂತಿಯ ಸೊಂಟದ ಮೇಲೆ ಇಟ್ಟು, ‘ಇಲ್ಲಿ ನೋಡು, ಗಂಟು ಸಿಗ್ತದಾ?’ ಎನ್ನುತ್ತಿದ್ದಳು. ಅಷ್ಟೇ ಪಾಠ.

ಆ ಮನೆಗಳಲ್ಲಿ ಬಚ್ಚಲಿಗೆ ಹಿತ್ತಿಲ ಕಡೆಯಿಂದ ದಾರಿ. ಅಜ್ಜಿ ಆ ದಾರಿಯಲ್ಲೇ ಹೋಗಿ ಆ ದಾರಿಯಲ್ಲೇ ಬರಬೇಕು. ಮನೆಯೊಡತಿಯ ಸೊಂಟ ಮುಟ್ಟಬಹುದು, ಅವರ ಅಡುಗೆಮನೆಯ ಹೊಸ್ತಿಲು ಮುಟ್ಟುವಂತಿಲ್ಲ. ಕಾಫಿ ಬರುತ್ತಿದ್ದದ್ದು ಸೂರಿನ ಕೆಳಗೆ ಬೇರೆಯೇ ಸಿಕ್ಕಿಸಿಟ್ಟ ಲೋಟದಲ್ಲಿ. ಕೂಲಿ ಎಂದರೆ ಅಕ್ಕಿ, ತೆಂಗಿನಕಾಯಿ, ಬಾಣಂತನ ಮುಗಿದ ದಿನ ಒಂದು ಸೀರೆ. ಸೀರೆ ಹೊಸದಾಗಿದ್ದರೆ ಅಜ್ಜಿ ಅದನ್ನು ನಾಲ್ಕು ಮನೆಗೆ ತೋರಿಸಿ ಬರುತ್ತಿದ್ದಳು.

ಇದನ್ನೆಲ್ಲ ನೋಡಿಯೇ ಅವ್ವ ಆ ಕಡೆ ತಲೆ ಹಾಕಲಿಲ್ಲ. ತೋಟದಲ್ಲಿ ಕಾಫಿ ಕೊಯ್ಯುತ್ತೇನೆ, ಇನ್ನೊಬ್ಬರ ಮೈ ತಿಕ್ಕಲಾರೆ ಎಂದವಳು. ನಾನು ಪಿಯುಸಿ ಮುಗಿಸಿ, ಕೇರಳದಲ್ಲಿ ಪಂಚಕರ್ಮ ಥೆರಪಿಸ್ಟ್ ಕೋರ್ಸ್ ಇದೆಯಂತೆ, ಹಾಸ್ಟೆಲ್ ಸಮೇತ ಕಲಿಸುತ್ತಾರಂತೆ ಎಂದಾಗ ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, ‘ಹೋಗು. ಆದರೆ ಊರಲ್ಲಿ ಕೇಳಿದವರಿಗೆ ನರ್ಸಿಂಗ್ ಅಂತ ಹೇಳ್ತೀನಿ’ ಎಂದಳು. ಮಾಲ್ಡೀವ್ಸಿನಿಂದ ದುಡ್ಡು ಕಳಿಸತೊಡಗಿದ ಮೇಲೂ ಊರಿಗೆ ನಾನು ನರ್ಸೇ. ಯಾರದೋ ಮಗುವಿಗೆ ಜ್ವರ ಬಂದರೆ ಅವ್ವನ ಫೋನಿನಿಂದ ನನಗೆ ಕರೆ ಬರುತ್ತಿತ್ತು.

ಕೇರಳದ ಆ ಕಾಲವನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಎಣ್ಣೆಗಳ ವಾಸನೆ. ಧನ್ವಂತರಂ, ಕ್ಷೀರಬಲ, ಕೊಟ್ಟಂಚುಕ್ಕಾದಿ, ಎಲ್ಲವನ್ನೂ ಕಣ್ಣು ಮುಚ್ಚಿ ಮೂಸಿ ಹೆಸರು ಹೇಳಬೇಕಿತ್ತು. 1902ರಲ್ಲಿ ಪಿ.ಎಸ್. ವಾರಿಯರ್ ಕೋಟಕ್ಕಲ್‌ನಲ್ಲಿ ಆರ್ಯ ವೈದ್ಯಶಾಲೆ ಶುರು ಮಾಡಿ, ಕಷಾಯ ತೈಲಗಳನ್ನು ಬಾಟಲಿಯಲ್ಲಿ ತುಂಬಿ ಮಾರುವಂತೆ ಮಾಡಿದ ಮೇಲೆ ಆ ನಾಡಿನಲ್ಲಿ ಇದೊಂದು ದೊಡ್ಡ ಕಸುಬಾಗಿ ಬೆಳೆಯಿತು. ನಾನು ಹೋಗುವ ಹೊತ್ತಿಗೆ ಪ್ರವಾಸೋದ್ಯಮವೂ ಅದಕ್ಕೆ ಸೇರಿಕೊಂಡು, ಆಯುರ್ವೇದ ಕೇಂದ್ರಗಳಿಗೆ ಸರ್ಕಾರವೇ ಗ್ರೀನ್ ಲೀಫ್, ಆಲಿವ್ ಲೀಫ್ ಎಂದು ದರ್ಜೆ ಕೊಡುತ್ತಿತ್ತು. ಅಲ್ಲಿ ‘ಥೆರಪಿಸ್ಟ್’ ಎಂದು ಹೇಳಿಕೊಂಡರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಚೇಚಿ ತನ್ನ ಮಂಡಿ ನೋವಿನ ಕಥೆ ಶುರು ಮಾಡುತ್ತಿದ್ದಳು.

ಕೇರಳದ ಅಭ್ಯಂಗಕ್ಕೆ ಇಬ್ಬರು ಬೇಕು. ದ್ರೋಣಿಯ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ದ್ರೋಣಿ ಎಂದರೆ ಒಂದೇ ಮರದಲ್ಲಿ ಕೆತ್ತಿದ ಉದ್ದನೆಯ ಮಂಚ, ಅಂಚಿನಲ್ಲಿ ಎಣ್ಣೆ ಹರಿದುಹೋಗಲು ತೋಡು. ಕೂರಿಸಿ, ಅಂಗಾತ ಮಲಗಿಸಿ, ಒಂದು ಮಗ್ಗುಲಿಗೆ ತಿರುಗಿಸಿ, ಬೋರಲು ಹಾಕಿ, ಇನ್ನೊಂದು ಮಗ್ಗುಲು, ಮತ್ತೆ ಅಂಗಾತ, ಮತ್ತೆ ಕೂರಿಸಿ, ಹೀಗೆ ಏಳು ಭಂಗಿ. ಇಬ್ಬರ ಕೈಯೂ ಒಂದೇ ವೇಗದಲ್ಲಿ, ಒಂದೇ ಒತ್ತಡದಲ್ಲಿ ಹೋಗಬೇಕು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಎಣಿಸುವಂತಿಲ್ಲ, ಮಾತಾಡುವಂತಿಲ್ಲ. ನಮ್ಮ ಟೀಚರ್ ದ್ರೋಣಿಯ ಮೇಲೆ ತಾವೇ ಮಲಗಿ ಕಣ್ಣು ಮುಚ್ಚಿಕೊಂಡು, ‘ಎಡಗಡೆಯವಳು ಅವಸರದಲ್ಲಿದ್ದಾಳೆ’ ಎನ್ನುತ್ತಿದ್ದರು. ಎಡಗಡೆ ಯಾವಾಗಲೂ ನಾನೇ ಇರುತ್ತಿದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ನನಗೂ ನನ್ನ ಜೋಡಿಗೂ ಉಸಿರು ಕೂಡ ಒಂದೇ ಲಯಕ್ಕೆ ಬಂದಿತ್ತು. ಅವಳು ಪಾಲಕ್ಕಾಡಿನವಳು. ನನಗೆ ಮಲಯಾಳ ಬಾರದು, ಅವಳಿಗೆ ಕನ್ನಡ ಬಾರದು.

ನವರಕಿಳಿಯ ದಿನ ನಾಲ್ಕು ಗಂಟೆಗೇ ಎದ್ದು ಅಡುಗೆಮನೆ ಸೇರುತ್ತಿದ್ದೆವು. ಅರವತ್ತು ದಿನದಲ್ಲಿ ಕಟಾವಿಗೆ ಬರುವ ನವರ ಅಕ್ಕಿಯನ್ನು ಹಾಲು ಮತ್ತು ಬಲಾ ಬೇರಿನ ಕಷಾಯದಲ್ಲಿ ಬೇಯಿಸಿ, ಬಟ್ಟೆಯಲ್ಲಿ ಉಂಡೆ ಕಟ್ಟಿ, ಅದೇ ಕಷಾಯದಲ್ಲಿ ಅದ್ದಿ ಅದ್ದಿ ಬಿಸಿ ಆರದಂತೆ ಮೈಗೆ ತಿಕ್ಕುವುದು. ಗಂಟು ಸಡಿಲವಾದರೆ ಅನ್ನವೆಲ್ಲ ಹೊರಗೆ, ಬಿಗಿಯಾದರೆ ಒಳಗಿನ ಗಂಜಿ ಇಳಿಯುವುದಿಲ್ಲ. ಉಂಡೆಯನ್ನು ಮೊದಲು ನಮ್ಮ ಮಣಿಕಟ್ಟಿಗೆ ಒತ್ತಿ ನೋಡಿಯೇ ರೋಗಿಯ ಮೈಗೆ. ಶಿರೋಧಾರೆಯಲ್ಲೂ ಅಷ್ಟೆ. ಹಣೆಯಿಂದ ನಾಲ್ಕು ಅಂಗುಲ ಮೇಲೆ ಧಾರಾಪಾತ್ರೆ, ಎಣ್ಣೆ ಮೈಯ ಬಿಸಿಗಿಂತ ತುಸುವೇ ಹೆಚ್ಚು, ಈ ಕಣತಲೆಯಿಂದ ಆ ಕಣತಲೆಗೆ ಎಲ್ಲೂ ಕಡಿಯದ ಎಳೆ. ಸ್ಪಾಗಳ ಜಾಹೀರಾತಿನಲ್ಲಿ ಬರುವ ಚಿತ್ರ ಇದೇ. ಪಾತ್ರೆ ತೂಗುವವಳ ತೋಳು ಮುಕ್ಕಾಲು ಗಂಟೆ ಹೇಗೆ ಉರಿಯುತ್ತದೆ ಎಂದು ಆ ಚಿತ್ರದಲ್ಲಿ ಕಾಣುವುದಿಲ್ಲ.

ಟೀಚರ್ ಹೇಳಿಕೊಟ್ಟದ್ದರಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಯಾರನ್ನು ಮುಟ್ಟಬಾರದು ಎಂಬ ಪಾಠ. ವಾಗ್ಭಟನ ಅಷ್ಟಾಂಗಹೃದಯ ದಿನವೂ ಎಣ್ಣೆ ಹಚ್ಚಿಕೊಳ್ಳಬೇಕು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅಜೀರ್ಣವಾದವರಿಗೆ, ಕಫ ಕೆರಳಿದವರಿಗೆ ಬೇಡ ಎಂದು ಅಲ್ಲೇ ಇರುವುದನ್ನು ಎಣ್ಣೆ ಮಾರುವವರು ಹೇಳುವುದಿಲ್ಲ. ಜ್ವರ, ಉಬ್ಬಿದ ರಕ್ತನಾಳ, ಹೊಸ ಹೊಲಿಗೆ, ಗರ್ಭದ ಮೊದಲ ತಿಂಗಳುಗಳು, ಕಾರಣ ಗೊತ್ತಿಲ್ಲದ ಊತ, ಇವನ್ನು ಕಂಡರೆ ಕೈ ಹಿಂದಕ್ಕೆ ತೆಗೆಯಬೇಕು.

ಮಾಲ್ಡೀವ್ಸಿನಲ್ಲಿ ಒಮ್ಮೆ ಇದು ನಿಜಕ್ಕೂ ಎದುರಿಗೇ ಬಂತು. ಯುರೋಪಿನಿಂದ ಹತ್ತು ಗಂಟೆಯ ವಿಮಾನದಲ್ಲಿ ಬಂದಿಳಿದ ಹೆಂಗಸು. ಕಾಲು ಸೋತಿದೆ, ಚೆನ್ನಾಗಿ ಒತ್ತು ಎಂದು ಡೀಪ್ ಟಿಶ್ಯೂ ಬುಕ್ ಮಾಡಿದ್ದರು. ಫಾರ್ಮಿನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್. ಟವೆಲ್ ಸರಿಸಿ ನೋಡಿದರೆ ಎಡಗಾಲಿನ ಮೀನಖಂಡ ಬಲಗಾಲಿಗಿಂತ ದಪ್ಪ, ಕೆಂಪು, ಮುಟ್ಟಿದರೆ ಬಿಸಿ. ಎರಡೂ ಕಾಲು ಊದಿದ್ದರೆ ಪ್ರಯಾಣದ ಆಯಾಸ ಎನ್ನಬಹುದು, ಒಂದೇ ಕಾಲು ಊದಿದರೆ ಹಾಗನ್ನುವಂತಿಲ್ಲ. ರಕ್ತ ಹೆಪ್ಪುಗಟ್ಟಿರಬಹುದು, ಒತ್ತಿದರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ನಾನು ಟವೆಲ್ ಹೊದಿಸಿ, ಇವತ್ತು ಮಸಾಜ್ ಆಗುವುದಿಲ್ಲ, ಡಾಕ್ಟರನ್ನು ನೋಡಿ ಎಂದೆ. ಅವರಿಗೆ ಕೋಪ ಬಂತು. ರಿಸೆಪ್ಷನ್‌ನಲ್ಲಿ ದೂರು ಕೊಟ್ಟರು. ದ್ವೀಪದ ಡಾಕ್ಟರ್ ನೋಡಿ ಅದೇ ಸಂಜೆ ರಾಜಧಾನಿ ಮಾಲೆಯ ಆಸ್ಪತ್ರೆಗೆ ಕಳಿಸಿದರು. ಅನುಮಾನ ನಿಜವಾಗಿತ್ತು. ವಾರದ ನಂತರ ಆ ಹೆಂಗಸು ಸ್ಪಾಕ್ಕೆ ಬಂದು ನನ್ನ ಕೈ ಹಿಡಿದುಕೊಂಡರು. ಆ ತಿಂಗಳ ನನ್ನ ಬುಕಿಂಗ್ ಲೆಕ್ಕದಲ್ಲಿ ಮಾತ್ರ ಅದು ‘ಕ್ಯಾನ್ಸಲ್’ ಎಂದೇ ಉಳಿಯಿತು.

ಮಾಲ್ಡೀವ್ಸಿಗಿಂತ ಮುಂಚಿನ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಕೊಡಗಿನ ರೆಸಾರ್ಟೊಂದರಲ್ಲಿ ಕೆಲವು ವರ್ಷ ಇದ್ದೆ. ವಾರಾಂತ್ಯದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಜನ, ವಾರದ ನಡುವೆ ಖಾಲಿ. ಅಲ್ಲಿಂದ ಬೆಂಗಳೂರಿನ ಒಂದು ಸ್ಪಾಗೆ ಬಂದೆ. ಸಂಬಳ ಹೆಚ್ಚಿತ್ತು, ಕೆಲಸ ಶುದ್ಧವಾಗಿತ್ತು, ಲೈಸೆನ್ಸು, ರಿಜಿಸ್ಟರು ಎಲ್ಲ ಸರಿಯಿತ್ತು. ಆದರೂ ಒಂದು ಸಂಜೆ ಪೊಲೀಸರು ಬಂದರು. ಬೇರೆಲ್ಲೋ ಹಿಡಿದ ಪ್ರಕರಣದ ಬೆನ್ನಿಗೆ ಆ ರಸ್ತೆಯ ಎಲ್ಲ ಸ್ಪಾಗಳನ್ನೂ ನೋಡುತ್ತಿದ್ದಾರಂತೆ. ಕೋಣೆ ಕೋಣೆ ತೆರೆದರು, ನಮ್ಮನ್ನು ಸಾಲಾಗಿ ಕೂರಿಸಿ ಗುರುತಿನ ಚೀಟಿ ಕೇಳಿದರು. ಏನೂ ಸಿಗದೆ ಹೊರಟುಹೋದರು. ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ ಮೊಬೈಲ್ ಹಿಡಿದು ನಿಂತಿದ್ದರು. ಏನೂ ಮಾಡದ ನಾವು ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದೆವು. ನನ್ನ ಸಿಟ್ಟು ಪೊಲೀಸರ ಮೇಲಷ್ಟೇ ಅಲ್ಲ. ಸ್ಪಾದ ಬೋರ್ಡು ಹಾಕಿಕೊಂಡು ಒಳಗೆ ಬೇರೆ ವ್ಯವಹಾರ ನಡೆಸುವವರು ನಮ್ಮ ಕಸುಬಿನ ಅನ್ನಕ್ಕೆ ಮಣ್ಣು ಹಾಕಿದ್ದಾರೆ. ಅನೈತಿಕ ಸಾಗಾಟ ತಡೆ ಕಾಯ್ದೆ 1956ರಿಂದಲೂ ಇದೆ. ಅದನ್ನು ಅವರ ಮೇಲೆ ಹಾಕಲಿ, ಬೇಡ ಎಂದವರು ಯಾರು? ಆದರೆ ಪತ್ರಿಕೆಯಲ್ಲಿ ‘ಸ್ಪಾ ಮೇಲೆ ದಾಳಿ’ ಎಂದು ಬಂದಾಗಲೆಲ್ಲ ಊರಲ್ಲಿ ಅವ್ವನ ‘ನರ್ಸಿಂಗ್’ ಸುಳ್ಳಿಗೆ ಇನ್ನೊಂದು ವರ್ಷ ಆಯಸ್ಸು ಸೇರುತ್ತಿತ್ತು.

2021ರಲ್ಲಿ ದೆಹಲಿ ಸರ್ಕಾರ ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಮಸಾಜ್ ಮಾಡಬಾರದು ಎಂದು ನಿಯಮ ತಂದಿತು. ಆ ಡಿಸೆಂಬರಿನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಈ ಬಗ್ಗೆ ನನ್ನಲ್ಲೇ ಎರಡು ಮನಸ್ಸಿದೆ. ಕೇರಳದ ಆಯುರ್ವೇದ ಕೇಂದ್ರಗಳಲ್ಲಿ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬ ಪದ್ಧತಿಯಲ್ಲೇ ಕಲಿತವಳು ನಾನು. ಅದರಲ್ಲಿ ನೆಮ್ಮದಿ ಇದ್ದದ್ದು ಹೌದು. ವಿದೇಶದ ಸ್ಪಾಗಳಲ್ಲಿ ಆ ಭೇದ ಇಲ್ಲ, ಅಲ್ಲೂ ಮರ್ಯಾದೆಯಿಂದ ಕೆಲಸ ಮಾಡಿದ್ದೇನೆ. ವ್ಯತ್ಯಾಸ ಬರುವುದು ಯಜಮಾನನಿಂದ. ಗೆಸ್ಟ್ ಕೈ ಚಾಚಿದರೆ, ಹಲ್ಲು ಕಿರಿದು ಏನೋ ಕೇಳಿದರೆ, ‘ಸೆಷನ್ ಮುಗಿಯಿತು’ ಎಂದು ಹೇಳಿ ಕೋಣೆಯಿಂದ ಹೊರಗೆ ಬರಬೇಕು. ಹಿಂದೆ ಮುಂದೆ ನೋಡಬಾರದು. ಒಂದು ಕಡೆ ಹಾಗೆ ಹೊರಗೆ ಬಂದಾಗ ಮ್ಯಾನೇಜರ್, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ, ರೆಗ್ಯುಲರ್ ಕಸ್ಟಮರ್’ ಎಂದ. ಆ ತಿಂಗಳ ಸಂಬಳ ಕೈಗೆ ಬಂದದ್ದೇ ಬಿಟ್ಟೆ. ಇನ್ನೊಂದು ಕಡೆ ಬೇರೆ ಮ್ಯಾನೇಜರ್, ಆಸ್ಟ್ರೇಲಿಯಾದ ಹೆಂಗಸು, ಒಂದು ಮಾತೂ ನನ್ನನ್ನು ಕೇಳದೆ ಗೆಸ್ಟಿನಿಂದ ಪೂರ್ತಿ ಬಿಲ್ ವಸೂಲಿ ಮಾಡಿ, ಮತ್ತೆ ಬುಕಿಂಗ್ ಕೊಡಬೇಡಿ ಎಂದು ಡೆಸ್ಕಿಗೆ ಹೇಳಿದರು.

ಮಾಲೆಯಿಂದ ರೆಸಾರ್ಟಿಗೆ ಸೀಪ್ಲೇನ್. ಪೈಲಟ್‌ಗಳು ಬರಿಗಾಲಲ್ಲಿ ವಿಮಾನ ಹಾರಿಸುವುದನ್ನು ಕಂಡು ನಾನು ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಸ್ಪಾ ಸಮುದ್ರದ ಮೇಲೇ ಕಂಬ ನಿಲ್ಲಿಸಿ ಕಟ್ಟಿದ್ದು. ಗೆಸ್ಟ್ ಮುಖ ಇಟ್ಟುಕೊಳ್ಳುವ ತೂತಿನ ಕೆಳಗೆ ನೆಲಕ್ಕೆ ಗಾಜು, ಗಾಜಿನ ಕೆಳಗೆ ಮೀನು. ನಮ್ಮ ಕ್ವಾರ್ಟರ್ಸು ದ್ವೀಪದ ನಡುವೆ, ಗಿಡಗಳ ಮರೆಯಲ್ಲಿ, ಗೆಸ್ಟುಗಳ ಕಣ್ಣಿಗೆ ಬೀಳದ ಹಾಗೆ. ಒಂದು ಕೋಣೆಯಲ್ಲಿ ನಾನು, ಬಾಲಿಯವಳು, ಥಾಯ್ಲೆಂಡಿನವಳು. ಬಾಲಿಯವಳು ಬೆಳಿಗ್ಗೆ ಎಲೆಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ಊದಿನಕಡ್ಡಿ ಹಚ್ಚುವಳು. ಥಾಯ್ ಗೆಳತಿ ರಾತ್ರಿ ಮೆಣಸಿನಕಾಯಿ ಕುಟ್ಟುವಳು. ನಾನು ಉಪ್ಪಿನಕಾಯಿ ಬಾಟಲಿ ಕಾಯುತ್ತಿದ್ದೆ.

ದಿನಕ್ಕೆ ನಾಲ್ಕೈದು ಟ್ರೀಟ್‌ಮೆಂಟ್, ಸೀಸನ್‌ನಲ್ಲಿ ಬ್ಯಾಕ್ ಟು ಬ್ಯಾಕ್. ನಡುವೆ ಸಿಗುವ ಹದಿನೈದು ನಿಮಿಷದಲ್ಲಿ ಹಾಳೆ ಬದಲಿಸಿ, ಎಣ್ಣೆ ಬಿಸಿಗಿಟ್ಟು, ಕೈ ತೊಳೆದು, ನಗು ಹೊತ್ತು ಬಾಗಿಲಲ್ಲಿ ನಿಲ್ಲಬೇಕು. ರಷ್ಯನ್ನರಿಗೆ ‘ಬೋಲ್ನೋ?’, ಚೀನೀಯರಿಗೆ ‘ತಂಗ್ ಬು ತಂಗ್?’, ನೋಯುತ್ತದೆಯೇ ಎಂದು ಕೇಳುವುದಕ್ಕೆ ನಾಲ್ಕೈದು ಭಾಷೆ ಕಲಿತೆ. ಬೇರೆ ಮಾತು ಅಷ್ಟಾಗಿ ಬೇಕಾಗುವುದಿಲ್ಲ. ಕೊನೆಗೆ ಎಣ್ಣೆ, ಕ್ರೀಮು ಮಾರುವ ಟಾರ್ಗೆಟ್ ಬೇರೆ. ಒಂದು ಗಂಟೆ ಮನಸ್ಸು ಹಗುರ ಮಾಡಿ, ಎದ್ದ ತಕ್ಷಣ ‘ಮೇಡಂ, ಈ ಬಾಟಲಿ ತಗೊಳ್ಳಿ’ ಎನ್ನುವುದು ಈ ಕಸುಬಿನ ಅತಿ ಕೆಟ್ಟ ನಿಮಿಷ. ಅದು ನನಗೆ ಯಾವತ್ತೂ ಒಗ್ಗಲಿಲ್ಲ. ಸಂಬಳಕ್ಕಿಂತ ಮಿಗಿಲಾಗಿ ಆದಾಯ ಬರುತ್ತಿದ್ದದ್ದು ಎಲ್ಲರಿಗೂ ಹಂಚುವ ಸರ್ವಿಸ್ ಚಾರ್ಜಿನಿಂದ ಮತ್ತು ಟಿಪ್ಸಿನಿಂದ. ತಮ್ಮನ ಡಿಪ್ಲೊಮಾ, ಮನೆಗೆ ಹೆಂಚಿನ ಬದಲು ತಾರಸಿ, ಅವ್ವನ ಕಣ್ಣಿನ ಆಪರೇಷನ್, ಎಲ್ಲ ಆ ದುಡ್ಡಿನಲ್ಲೇ ಆಯಿತು.

ಸಾವಿರಾರು ಬೆನ್ನು ಕಂಡ ಮೇಲೆ ಮೈ ನೋಡಿ ಕೆಲಸ ಹೇಳಬಹುದು. ಕಂಪ್ಯೂಟರಿನವರಿಗೆ ಕತ್ತಿನಿಂದ ಭುಜಕ್ಕೆ ಬರುವ ಟ್ರೆಪೀಜಿಯಸ್ ಸ್ನಾಯು ಕಲ್ಲು. ಹಾಲೂಡಿಸುವ ತಾಯಂದಿರಿಗೆ ರೆಕ್ಕೆಮೂಳೆಗಳ ನಡುವೆ ನೋವು. ನನಗೆ ಇನ್ನೂ ಬಗೆಹರಿಯದ್ದು ತೋಳಿನ ವಿಷಯ. ಅಂಗಾತ ಮಲಗಿದವರ ಕೈಯನ್ನು ನಾವು ಎತ್ತುತ್ತೇವೆ, ಅವರು ಅದರ ಭಾರವನ್ನು ನಮಗೆ ಬಿಡಬೇಕು. ಬಿಡುವುದಿಲ್ಲ. ನಾನು ಕೈ ತೆಗೆದರೂ ಅವರ ತೋಳು ಗಾಳಿಯಲ್ಲಿ ಹಾಗೇ ನಿಂತಿರುತ್ತದೆ, ಅವರಿಗೇ ತಿಳಿಯದೆ. ದೊಡ್ಡ ಕಂಪನಿ ನಡೆಸುವವರಲ್ಲಿ ಇದು ಜಾಸ್ತಿ. ಮನೆ ನಡೆಸುವ ಹೆಂಗಸರಲ್ಲಿ ಇನ್ನೂ ಜಾಸ್ತಿ. ‘ಕೈ ನನಗೆ ಕೊಡಿ’ ಎಂದು ಮೆಲ್ಲಗೆ ಹೇಳಿ, ಮಣಿಕಟ್ಟನ್ನು ಸ್ವಲ್ಪ ಅಲುಗಾಡಿಸಿ ಕಾಯಬೇಕು. ಕೆಲವರಿಗೆ ಐದು ನಿಮಿಷ ಬೇಕಾಗುತ್ತದೆ, ಕೆಲವರು ಆ ಗಂಟೆಯಿಡೀ ಕೊಡುವುದೇ ಇಲ್ಲ.

ನಮ್ಮ ಮೈಯ ಲೆಕ್ಕವನ್ನೂ ಹೇಳಬೇಕು. ಮೊದಲು ಹೋಗುವುದು ಹೆಬ್ಬೆರಳ ಬುಡದ ಕೀಲು, ಆಮೇಲೆ ಮಣಿಕಟ್ಟು, ಆಮೇಲೆ ಸೊಂಟ. ಹೆಬ್ಬೆರಳಿನಲ್ಲಿ ಒತ್ತಬೇಡ, ಮೊಣಕೈ ಬಳಸು, ಮುಂಗೈ ಬಳಸು ಎಂದು ಥಾಯ್ ಗೆಳತಿ ಬೈದು ಬೈದು ತಿದ್ದಿದಳು. ಅವರ ಪದ್ಧತಿಯಲ್ಲಿ ಪಾದವೂ ಒಂದು ಸಲಕರಣೆ. ಹಾಗಿದ್ದೂ ಈಗ ನನ್ನ ಬಲಗೈಯಲ್ಲಿ ಚಪಾತಿ ಲಟ್ಟಿಸಲು ಆಗುವುದಿಲ್ಲ. ನನ್ನ ಜೊತೆಗಿದ್ದವರಲ್ಲಿ ನಲವತ್ತು ದಾಟಿದ ಮೇಲೂ ಟೇಬಲ್ ಬಳಿ ನಿಂತವರು ತೀರಾ ವಿರಳ. ಟ್ರೈನರ್ ಆಗುತ್ತಾರೆ, ಡೆಸ್ಕಿಗೆ ಹೋಗುತ್ತಾರೆ, ಇಲ್ಲವೇ ಬಿಡುತ್ತಾರೆ.

2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದ ಸುದ್ದಿಯನ್ನು ನಾನು ಆ ಕ್ವಾರ್ಟರ್ಸಿನಲ್ಲಿ ಮೊಬೈಲಿನಲ್ಲಿ ಓದಿದೆ. ರಾಷ್ಟ್ರಪತಿಗಳ ಎದುರು ಸೀರೆಯುಟ್ಟು ನಿಂತ ಆ ಹಿರಿಜೀವದ ಚಿತ್ರವನ್ನು ರೂಮಿನವರಿಗೆಲ್ಲ ತೋರಿಸಿದೆ. ನಮ್ಮಜ್ಜಿ ಆಗ ಇರಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಥಾಯ್ ಗೆಳತಿ ಕುಣಿದಾಡಿಕೊಂಡು ಬಂದಳು. ಅವರ ‘ನುವಾಡ್ ಥಾಯ್’ ಮಸಾಜು ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತ್ತು. ಬ್ಯಾಂಕಾಕಿನ ವಾಟ್ ಫೋ ದೇವಾಲಯದಲ್ಲಿ ಕಲಿತವಳು ಅವಳು. ಅಲ್ಲಿ ಮೈಯ ನಾಡಿಗಳ ಚಿತ್ರಗಳನ್ನು ಕಲ್ಲಿನಲ್ಲೇ ಕೆತ್ತಿಸಿಟ್ಟಿದ್ದಾರೆ, ಪಕ್ಕದಲ್ಲೇ ಶಾಲೆ. ಮಸಾಜ್ ಮಾಡುತ್ತೇನೆ ಎಂದು ಊರಲ್ಲಿ ಹೇಳಿಕೊಳ್ಳಲು ಅವಳಿಗೆ ನಾಚಿಕೆಯಿಲ್ಲ. ಅಲ್ಲೂ ಕೆಟ್ಟ ಪಾರ್ಲರುಗಳು ಬೇಕಾದಷ್ಟಿವೆ, ಅವಳೇ ಹೇಳುತ್ತಿದ್ದಳು. ಆದರೂ ಒಳ್ಳೆಯದನ್ನು ಶಾಲೆ ಕಟ್ಟಿ ಕಾಪಾಡಿಕೊಂಡಿದ್ದಾರೆ. ನಾವು ನಮ್ಮ ಬಚ್ಚಲಿನ ಜ್ಞಾನಕ್ಕೆ ಹಿತ್ತಿಲ ಬಾಗಿಲು ತೋರಿಸಿದೆವು, ಅದು ಹಾಗೇ ಹೊರಟುಹೋಯಿತು.

ನಾಲ್ಕು ತಿಂಗಳು ಕಳೆಯುವುದರೊಳಗೆ ಕೊರೊನಾ ಬಂದು ಮುಟ್ಟುವ ಕಸುಬೇ ನಿಂತಿತು. 2020ರ ಮಾರ್ಚ್ ಕೊನೆಗೆ ಮಾಲ್ಡೀವ್ಸ್ ಪ್ರವಾಸಿಗಳಿಗೆ ವೀಸಾ ಕೊಡುವುದನ್ನು ನಿಲ್ಲಿಸಿತು. ಕೊನೆಯ ಗೆಸ್ಟ್ ಹೋದ ಮೇಲೆ ದ್ವೀಪದಲ್ಲಿ ನಾವು ನಾವೇ. ಮೊದಲು ಅರ್ಧ ಸಂಬಳ, ಆಮೇಲೆ ಊಟ ಮಾತ್ರ. ಹೈಕಮಿಷನ್ನಿನಲ್ಲಿ ಹೆಸರು ಬರೆಸಿ ಕಾದೆವು. ಮೇ ತಿಂಗಳಲ್ಲಿ ನೌಕಾಪಡೆಯ ಐಎನ್ಎಸ್ ಜಲಾಶ್ವ ಬಂತು. ಸಮುದ್ರ ಸೇತು ಎಂದು ಆ ಕಾರ್ಯಾಚರಣೆಯ ಹೆಸರು. ಮೇ 10ರಂದು 698 ಜನರನ್ನು ಅದು ಕೊಚ್ಚಿಯಲ್ಲಿ ಇಳಿಸಿತು. ಅವರಲ್ಲಿ ಹೆಂಗಸರು 103, ಗರ್ಭಿಣಿಯರೇ 19 ಜನ. ಆ ಹೆಂಗಸರ ಗುಂಪಿನಲ್ಲಿ ನಾನೂ ಇದ್ದೆ. ರಾತ್ರಿ ನನ್ನಿಂದ ಎರಡು ಬಂಕ್ ಆಚೆ ಒಬ್ಬ ಗರ್ಭಿಣಿ ಮೀನಖಂಡ ಸೆಳೆದು ಅಳತೊಡಗಿದಳು. ಎದ್ದು ಹೋಗಿ ಹಿಡಿಯುವಂತಿಲ್ಲ, ಮಾಸ್ಕು, ಆರಡಿ ಅಂತರ. ನಿಂತಲ್ಲಿಂದಲೇ ಹೇಳಿದೆ. ‘ಕಾಲು ನೀಟಿ, ಬೆರಳುಗಳನ್ನು ನಿಮ್ಮ ಕಡೆಗೆ ಎಳ್ಕೊಳ್ಳಿ. ದುಪ್ಪಟ್ಟಾ ಪಾದಕ್ಕೆ ಹಾಕಿ ಎಳೀರಿ. ಹಾಗೇ ಹಿಡಿದಿರಿ.’ ಸೆಳೆತ ಬಿಟ್ಟಿತು. ‘ನೀವು ನರ್ಸಾ?’ ಎಂದು ಅವಳು ಕೇಳಿದಳು. ‘ಅಲ್ಲಮ್ಮ, ಮಸಾಜ್ ಮಾಡುವವಳು’ ಎಂದೆ.

ಊರಿಗೆ ಬಂದ ಮೇಲೆ ಅವ್ವನಿಗೂ ಹೇಳಿದೆ, ಇನ್ನು ನರ್ಸಿಂಗ್ ಸಾಕು ಅಂತ. ಈಗ ಹಾಸನದಲ್ಲಿ ಇದ್ದೇನೆ. ಬಾಣಂತಿಯರಿಗೆ, ಮಕ್ಕಳಿಗೆ ಮಸಾಜ್ ಮಾಡುವುದನ್ನು ಹುಡುಗಿಯರಿಗೆ ಕಲಿಸುತ್ತೇನೆ. ಅಜ್ಜಿಯದ್ದನ್ನೆಲ್ಲ ಕಣ್ಣಿಗೊತ್ತಿಕೊಂಡು ಕಲಿಸುವುದಿಲ್ಲ. ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನು ಮಕ್ಕಳ ಡಾಕ್ಟರು ಬೇಡ ಎನ್ನುತ್ತಾರೆ, ನಾನೂ ಬಿಡಿಸಿದ್ದೇನೆ. ಸಿಸೇರಿಯನ್ ಆದವರ ಹೊಟ್ಟೆಗೆ ಡಾಕ್ಟರ್ ಹೂಂ ಅನ್ನುವ ತನಕ ಕೈ ಹಾಕಕೂಡದು. ಸುಡುನೀರು ಕಮ್ಮಿ ಮಾಡಿಸಿದ್ದೇನೆ. ಮೀನಖಂಡದ ಹಿಂಡು ಮಾತ್ರ ಅಜ್ಜಿಯದೇ, ಅದೂ ಎರಡೂ ಕಾಲನ್ನು ಹೋಲಿಸಿ ನೋಡಿದ ಮೇಲೆ. ಬಾಣಂತಿಯರಿಗೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದುಂಟು.

ನನ್ನ ಹತ್ತಿರ ಕಲಿತ ಹುಡುಗಿಯರು ಗಲ್ಫ್, ಮಾಲ್ಡೀವ್ಸ್ ಎಂದು ಕನಸು ಕಾಣುತ್ತಾರೆ. ಹೋಗಲಿ. ಅವರ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದಿಷ್ಟು. ಯಾವ ದೇಶ ಎಂದು ಕೇಳುವ ಮೊದಲು ಮಗಳು ಎಲ್ಲಿ ಮಲಗುತ್ತಾಳೆ ಎಂದು ಕೇಳಿ. ಕೆಲಸದ ಕರಾರು ಕೈಯಲ್ಲಿ ಹಿಡಿದು ಓದದೆ ಏಜೆಂಟಿಗೆ ಒಂದು ರೂಪಾಯಿ ಕೊಡಬೇಡಿ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸೋಣ ಎನ್ನುವವನ ಮಾತು ಅಲ್ಲಿಗೇ ಬಿಡಿ. ಟ್ರೇಡ್ ಟೆಸ್ಟ್ ಮಾಡದೆ ಫೋಟೋ ನೋಡಿ ಕೆಲಸ ಕೊಡುವ ಜಾಗಕ್ಕೆ ಕಳಿಸಲೇಬೇಡಿ. ಮತ್ತೆ ಸ್ಪಾಕ್ಕೆ ಹೋಗುವ ನಿಮಗೆ, ಆ ಫಾರ್ಮನ್ನು ನಿಜ ಬರೆದು ತುಂಬಿ. ಬಿಪಿ, ಸಕ್ಕರೆ, ಆಪರೇಷನ್, ಬಸಿರು ಏನನ್ನೂ ಮುಚ್ಚಿಡಬೇಡಿ. ಟಿಪ್ಸ್ ಕೊಡುವುದಾದರೆ ಡೆಸ್ಕಿನ ಡಬ್ಬಿಗೆ ಹಾಕದೆ ಅವಳ ಕೈಗೇ ಕೊಡಿ.